ತಡವಾಗಿ ಬಂದವರಿಗೂ ಒಂದು ಕುರ್ಚಿ



ನಡುವಯಸ್ಸಿನಲ್ಲಿ ವಿಜ್ಞಾನ ಸಂಶೋಧನೆಗೆ ಹೊರಟವರಿಗೆ ನಮ್ಮ ರಾಯಚೂರು ಕಡೆ ಎದುರಾಗುವ ಮೊದಲ ಪ್ರಶ್ನೆ ನಿಮಗೆಲ್ಲ ಗೊತ್ತು: “ಈ ವಯಸ್ಸಿನಾಗ ಇದೆಲ್ಲಾ ಯಾಕ್ ಬೇಕ್ರಿ?” ಕೇಳುವವರಲ್ಲಿ ಕೆಡುಕೇನೂ ಇರುವುದಿಲ್ಲ. ಆದರೆ ಕೃಷ್ಣಾ-ತುಂಗಭದ್ರಾಗಳ ನಡುವಿನ ಈ ದೋಆಬದ, ಅದರ ಸುತ್ತಲಿನ ನೆಲದ ಬಗ್ಗೆ ನಮಗಿರುವ ತಿಳಿವಳಿಕೆಯಲ್ಲಿ ದೊಡ್ಡ ಪಾಲು ಬೇರೆ ಕೆಲಸ ಮಾಡಿಕೊಂಡಿದ್ದವರಿಂದಲೇ ಬಂದದ್ದು ಎಂಬುದನ್ನು ಅವರಿಗೆ ಹೇಳಬೇಕು.

ನಮ್ಮ ಜಿಲ್ಲೆಯ ದೇವದುರ್ಗದಿಂದ ತಿಂಥಣಿ ಸೇತುವೆ ದಾಟಿದರೆ ಸುರಪುರ ಸೀಮೆ. 1841ರಿಂದ 1853ರವರೆಗೆ ಅಲ್ಲಿ ಆಡಳಿತ ನೋಡಿಕೊಂಡವನು ಫಿಲಿಪ್ ಮೆಡೋಸ್ ಟೇಲರ್. ವ್ಯಾಪಾರಿಯೊಬ್ಬನ ಮಳಿಗೆಯಲ್ಲಿ ಕೆಲಸಕ್ಕೆಂದು ಹುಡುಗನಾಗಿದ್ದಾಗಲೇ ಮುಂಬಯಿಗೆ ಬಂದು, ನಿಜಾಮನ ಸೈನ್ಯ ಸೇರಿ, ಕಾದಂಬರಿಕಾರನೂ ಆಗಿದ್ದವನು. 1850ರ ಹೊತ್ತಿಗೆ ನಲವತ್ತು ದಾಟಿದ್ದ. ಆ ವಯಸ್ಸಿನಲ್ಲಿ ಅವನ ಕಣ್ಣು ಊರಾಚೆಯ ಕಲ್ಲುವೃತ್ತಗಳ ಮೇಲೆ ಬಿತ್ತು. ಜೇವರ್ಗಿಯ ಸುತ್ತ ಅವುಗಳನ್ನು ಅಗೆಸಿದ. ಅಂದಿನವರು ಸಾಮಾನ್ಯವಾಗಿ ಮಾಡುತ್ತಿದ್ದ ಹಾಗೆ ಗುಂಡಿ ತೋಡಿ ಮಡಕೆ ಎತ್ತಿಕೊಂಡು ಹೋಗಲಿಲ್ಲ. ದಿಬ್ಬವನ್ನು ಸೀಳಿದಂತೆ ಕಡಿದು, ಯಾವ ಆಳದಲ್ಲಿ ಮಣ್ಣು, ಯಾವ ಆಳದಲ್ಲಿ ಕಲ್ಲು, ಎಲುಬು, ಮಡಕೆ ಎಂಬುದನ್ನು ಅಳೆದು ಚಿತ್ರ ಬರೆದಿಟ್ಟ. ಒಂದು ಶತಮಾನದ ಬಳಿಕ ಮಾರ್ಟಿಮರ್ ವೀಲರ್ ಅವರಂಥ ವೃತ್ತಿಪರ ಪುರಾತತ್ತ್ವಜ್ಞರು ಆ ಚಿತ್ರಗಳನ್ನು ಮೆಚ್ಚಿಕೊಂಡರು. ಅಗೆದ ಕೂಲಿಗಳ ಹೆಸರನ್ನು ಮಾತ್ರ ಇಂದು ಯಾರೂ ಹೇಳುವುದಿಲ್ಲ, ಬಿಡಿ.

ಮಸ್ಕಿಯ ಕಥೆ ಇನ್ನೂ ಹತ್ತಿರದ್ದು. 1915ರಲ್ಲಿ ಅಲ್ಲಿಯ ಬಂಡೆಯ ಮೇಲೆ ಅಶೋಕನ ಶಾಸನವನ್ನು ಕಂಡವನು ಸಿ. ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರ್. ಅಲ್ಲಿಯತನಕ ಸಿಕ್ಕಿದ್ದ ಶಾಸನಗಳಲ್ಲಿ ‘ದೇವಾನಾಂಪ್ರಿಯ’ ಎಂಬ ಬಿರುದಿತ್ತೇ ಹೊರತು ಅಶೋಕನ ಹೆಸರಿರಲಿಲ್ಲ. ಮಸ್ಕಿ ಆ ಹೆಸರು ಕೊಟ್ಟಿತು. ಅದಕ್ಕೂ ಮೊದಲು, 1837ರಲ್ಲಿ, ಬ್ರಾಹ್ಮೀ ಲಿಪಿಯನ್ನು ಓದಿದ ಜೇಮ್ಸ್ ಪ್ರಿನ್ಸೆಪ್‌ನ ಉದ್ಯೋಗ ಕಲ್ಕತ್ತದ ಟಂಕಸಾಲೆಯಲ್ಲಿ ಲೋಹದ ಶುದ್ಧತೆ ಪರೀಕ್ಷಿಸುವುದು.

ಇವರನ್ನು ಹೊಗಳಿ ಕುಳಿತುಕೊಳ್ಳಲು ನಾನು ನಿಂತಿಲ್ಲ. ಟೇಲರನಿಗೆ ಅಧಿಕಾರವಿತ್ತು, ಆಳುಗಳಿದ್ದರು. ಯಾರ ನಿರಾಕ್ಷೇಪಣಾ ಪತ್ರಕ್ಕೂ ಅವನು ಅಲೆಯಬೇಕಿರಲಿಲ್ಲ. ಸಂಶೋಧನೆಗೆ ಹೊರಟ ಮಾನ್ವಿಯ ಪ್ರೌಢಶಾಲೆಯ ವಿಜ್ಞಾನ ಶಿಕ್ಷಕಿಗೆ ಆ ಪತ್ರವೇ ಮೊದಲ ಗೋಡೆ.

ಇಂಥವರ ಹತ್ತಿರ ಪ್ರಶ್ನೆಗಳು ಇಲ್ಲವೇ? ಮಾನ್ವಿ ಕಡೆ ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಭಾಗದ ಹೊಲಗಳನ್ನು ನೋಡಿ. ಭತ್ತದ ಮೇಲೆ ಭತ್ತ ಹಾಕಿ, ಬಸಿಗಾಲುವೆಯಿಲ್ಲದೆ ಅಂತರ್ಜಲ ಮೇಲೇರಿ, ಬೇಸಿಗೆಯಲ್ಲಿ ನೀರು ಆರಿದ ಮೇಲೆ ಕಪ್ಪು ನೆಲದ ಮೇಲೆ ಬಿಳಿ ಉಪ್ಪು ಹೊಪ್ಪಳಿಕೆಯಾಗಿ ನಿಲ್ಲುತ್ತದೆ. ಮಣ್ಣಿನ ಸಾರದ ವಿದ್ಯುತ್ ವಾಹಕತೆ ಪ್ರತಿ ಮೀಟರಿಗೆ 4 ಡೆಸಿಸೀಮೆನ್ಸ್ ದಾಟಿದರೆ ಅದು ಸವಳು ಎಂದು ಪಾಠದಲ್ಲಿ ಓದುತ್ತೇವೆ. ಯಾವ ಹೊಲ ಯಾವ ವರ್ಷ ಬಿಳಿಚಿತು, ಆ ವರ್ಷ ಕಾಲುವೆ ಎಷ್ಟು ದಿನ ಹರಿಯಿತು ಎಂಬುದು ಅಲ್ಲೇ ಇಪ್ಪತ್ತು ವರ್ಷ ದುಡಿದ ಕೃಷಿ ಸಹಾಯಕರಿಗೆ ಗೊತ್ತು. ದೇವದುರ್ಗಕ್ಕೆ ನಾರಾಯಣಪುರ ಬಲದಂಡೆಯ ನೀರು ಬಂದಿದೆ; ಮಾನ್ವಿಯ ತಪ್ಪು ಅಲ್ಲಿ ಮರುಕಳಿಸದಿರಲು ಏನು ಮಾಡಬೇಕೆಂದು ಕೇಳಬೇಕಾದವರೂ ಅವರೇ.

ಆದರೆ ಅನುಭವ ದತ್ತಾಂಶವಲ್ಲ. ಇಪ್ಪತ್ತು ವರ್ಷ ಕಂಡದ್ದನ್ನು ಸುಳ್ಳೆಂದು ಸಾಧಿಸಲು ತಾವೇ ಹೊರಡುವುದು ನಡುವಯಸ್ಸಿನವರಿಗೆ ಕಷ್ಟ. ಸಂಖ್ಯಾಶಾಸ್ತ್ರವನ್ನು ಹೊಸದಾಗಿ ಕಲಿಯಬೇಕು, ಮಗನ ವಯಸ್ಸಿನ ಸಹಪಾಠಿ ತಪ್ಪು ತೋರಿಸಿದಾಗ ಒಪ್ಪಬೇಕು. ನನ್ನ ಮಟ್ಟಿಗೆ ವಯಸ್ಸಿನ ನಿಜವಾದ ತೊಡಕು ಇದು. ನೆನಪಿನ ಶಕ್ತಿ ಕುಂದುತ್ತದೆ ಎಂಬುದೆಲ್ಲ ನೆಪ.

ನಿಯಮಗಳು ಏನೆನ್ನುತ್ತವೆ? ಯುಜಿಸಿಯ 2022ರ ಪಿಎಚ್.ಡಿ. ನಿಯಮಾವಳಿ ಅರೆಕಾಲಿಕ ಸಂಶೋಧನೆಗೆ ಅವಕಾಶ ಕೊಟ್ಟಿದೆ. ಸಾಮಾನ್ಯವಾಗಿ ಆರು ವರ್ಷದ ಗಡುವಿದ್ದರೆ, ಮಹಿಳೆಯರಿಗೆ ಇನ್ನೆರಡು ವರ್ಷದ ರಿಯಾಯಿತಿಯೂ ಸಿಗಬಹುದು. ಆದರೆ ಯುಜಿಸಿಯ ಕಿರಿಯ ಸಂಶೋಧನಾ ಫೆಲೋಶಿಪ್‌ಗೆ ವಯಸ್ಸಿನ ಮಿತಿ 30. ಮಹಿಳೆಯರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ 5 ವರ್ಷ ಸಡಿಲಿಕೆ. ಅಂದರೆ ಪ್ರವೇಶಕ್ಕೆ ವಯಸ್ಸಿಲ್ಲ, ಹಣಕ್ಕೆ ಇದೆ. ಕೆಲಸ ಬಿಟ್ಟು ಮನೆ ನೋಡಿಕೊಂಡ ಮಹಿಳೆಯರು ಮರಳಿ ಪ್ರಯೋಗಾಲಯಕ್ಕೆ ಬರಲೆಂದು ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ 2002-03ರಲ್ಲೇ ಮಹಿಳಾ ವಿಜ್ಞಾನಿಗಳ ಯೋಜನೆ ತಂದಿತು. ಹೆಸರು ಬದಲಾದರೂ ಆ ದಾರಿ ಇಂದಿಗೂ ಇದೆ. ದೇವದುರ್ಗದಲ್ಲಿ ಎಂ.ಎಸ್‌ಸಿ. ಮುಗಿಸಿ ಮನೆಯಲ್ಲಿರುವ ಹೆಣ್ಣುಮಕ್ಕಳ ಕಿವಿಗೆ ಈ ಸುದ್ದಿ ಮುಟ್ಟಿಸುವವರು ಯಾರು?

ನಮ್ಮ ಜಿಲ್ಲೆಗೆ ಈಗ ಕೃಷಿ ವಿಶ್ವವಿದ್ಯಾಲಯವಿದೆ, ಐಐಐಟಿ ಇದೆ, ರಾಯಚೂರಿನದೇ ಆದ ಸಾಮಾನ್ಯ ವಿಶ್ವವಿದ್ಯಾಲಯವೂ ಇದೆ. ಕಟ್ಟಡಕ್ಕೆ ಬರವಿಲ್ಲ. ಯುಜಿಸಿಯ ಅದೇ ನಿಯಮಾವಳಿಯಂತೆ ಪ್ರಾಧ್ಯಾಪಕರೊಬ್ಬರು ಏಕಕಾಲಕ್ಕೆ 8, ಸಹ ಪ್ರಾಧ್ಯಾಪಕರು 6, ಸಹಾಯಕ ಪ್ರಾಧ್ಯಾಪಕರು 4 ಮಂದಿಗೆ ಮಾರ್ಗದರ್ಶನ ಮಾಡಬಹುದು. ಈ ಸಭೆಯಲ್ಲಿ ಕುಳಿತಿರುವ ಮಾರ್ಗದರ್ಶಕರಲ್ಲಿ ನನ್ನ ಕೋರಿಕೆ ಚಿಕ್ಕದು: ಆ ಜಾಗಗಳಲ್ಲಿ ಒಂದನ್ನು ನಲವತ್ತು ದಾಟಿದ, ಇದೇ ತಾಲ್ಲೂಕುಗಳಲ್ಲಿ ದುಡಿಯುವ ಒಬ್ಬರಿಗೆ ಕೊಡಿ, ಅವರ ಕೋರ್ಸ್‌ವರ್ಕ್ ತರಗತಿಗಳನ್ನು ಶನಿವಾರ ಮಧ್ಯಾಹ್ನಕ್ಕೂ ಭಾನುವಾರಕ್ಕೂ ಇಟ್ಟುಕೊಳ್ಳಿ. ಸಂಜೆಯ ಗೋಷ್ಠಿ ಮುಗಿಯುವುದರೊಳಗೆ ಎಷ್ಟು ಜನ ಒಪ್ಪಿದಿರಿ ಎಂದು ಸಂಘಟಕರಿಗೆ ಬರೆದುಕೊಟ್ಟು ಹೋಗಿ.