ಕೀಲಿಮಣೆಗೆ ಬಂದ ಕಾಗುಣಿತ

ಕ್ಯಾತ್ಸಂದ್ರದಲ್ಲಿ ಅಕ್ಷರಾಭ್ಯಾಸ ಮಾಡಿದ ಹುಡುಗರಿಗೆಲ್ಲ ಮೊದಲ ಸಂಕಟವೆಂದರೆ ತಮ್ಮ ಊರಿನ ಹೆಸರನ್ನು ಬರೆಯುವುದು. ಇರುವುದು ಮೂರೇ ಅಕ್ಷರ, ಮೂರಕ್ಕೂ ಒತ್ತು. ಸಾಲದೆಂಬಂತೆ ಒಂದಕ್ಕೆ ದೀರ್ಘ, ಇನ್ನೊಂದಕ್ಕೆ ಸೊನ್ನೆ. ‘ಕಕಾರಕ್ಕೆ ಯ ಒತ್ತು, ಅದಕ್ಕೆ ದೀರ್ಘ’ ಎಂದು ಮೇಷ್ಟರು ಹೇಳಿದಂತೆ ನಾವು ಸ್ಲೇಟಿನ ಮೇಲೆ ತಿದ್ದುತ್ತಿದ್ದೆವು. ಮೇಷ್ಟರ ಆ ಮಾತನ್ನೇ ಗಣಕಯಂತ್ರಕ್ಕೂ ಕಲಿಸಿದ ಕನ್ನಡಿಗರೊಬ್ಬರ ವಿಚಾರವಾಗಿ ಇಂದು ನಾಲ್ಕು ಮಾತು ಹೇಳಬೇಕೆಂದಿದ್ದೇನೆ. ಅವರೇ ಕೆ. ಪಿ. ರಾವ್.

ಕಿನ್ನಿಕಂಬಳ ಪದ್ಮನಾಭ ರಾವ್ ಅವರು 1940ರಲ್ಲಿ ಹುಟ್ಟಿದರು. ಮಂಗಳೂರಿಗೆ ಸಮೀಪದ ಕಿನ್ನಿಕಂಬಳ ಅವರ ಊರು. ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯಲ್ಲಿ ದುಡಿದು, ಸಿಂಧೂ ಲಿಪಿಯ ಅಧ್ಯಯನದಲ್ಲಿ ಐರಾವತಂ ಮಹಾದೇವನ್ ಅವರಿಗೆ ನೆರವಾದರು. ಬಳಿಕ ಟಾಟಾ ಪ್ರೆಸ್, ಮೋನೋಟೈಪ್ ಸಂಸ್ಥೆಗಳಲ್ಲಿ ಅಕ್ಷರ ಜೋಡಣೆಯ ತಂತ್ರವೇ ಅವರ ವೃತ್ತಿಯಾಯಿತು. ಹೀಗೆ ಪ್ರಾಚೀನ ಲಿಪಿಯ ಕುತೂಹಲ ಮತ್ತು ಅಚ್ಚುಮನೆಯ ಅನುಭವ ಒಬ್ಬರಲ್ಲೇ ಕೂಡಿಬಂದುವು.

ಅವರ ಮುಂದಿದ್ದ ಸಮಸ್ಯೆಯನ್ನು ತಿಳಿಯಬೇಕಾದರೆ ಕನ್ನಡದ ಬೆರಳಚ್ಚು ಯಂತ್ರವನ್ನು ನೆನೆಯಬೇಕು. ಅದು ಅಕ್ಷರವನ್ನು ಆಕಾರವೆಂದು ಬಗೆಯುತ್ತಿತ್ತು. ಕೊಂಬಿಗೊಂದು ಕೀಲಿ, ದೀರ್ಘಕ್ಕೊಂದು ಕೀಲಿ, ಒತ್ತುಗಳಿಗೆ ಬೇರೆಬೇರೆ ಕೀಲಿಗಳು. ಅದರ ವಿನ್ಯಾಸವನ್ನು ಕಲಿಯಲು ತಿಂಗಳುಗಟ್ಟಲೆ ತರಬೇತಿ ಬೇಕಾಗುತ್ತಿತ್ತು. ಗಣಕಯಂತ್ರದ ಕೀಲಿಮಣೆಯಲ್ಲಾದರೋ ಇಂಗ್ಲಿಷಿನ 26 ಅಕ್ಷರಗಳು ಮಾತ್ರ.

ರಾಯರು ಆಕಾರವನ್ನು ಬಿಟ್ಟು ಉಚ್ಚಾರವನ್ನು ಹಿಡಿದರು. 26 ಕೀಲಿಗಳಿಗೆ ಚಿಕ್ಕಕ್ಷರ, ದೊಡ್ಡಕ್ಷರಗಳೆಂದು ಎರಡೆರಡು ಸ್ಥಾನ ಹಿಡಿದರೆ 52. ಕನ್ನಡದ ವರ್ಣಗಳು 49. ಸ್ವರಕ್ಕೂ ಅದರ ಗುಣಿತಚಿಹ್ನೆಗೂ ಒಂದೇ ಕೀಲಿ. ಒತ್ತಕ್ಷರಗಳನ್ನು ಬೆಸೆಯಲು ‘ಎಫ್’ ಎಂಬ ಒಂದೇ ಕೊಂಡಿ. ನಮ್ಮೂರಿನ ಹೆಸರನ್ನೇ ನೋಡಿ. ಕೆ, ಎಫ್, ವೈ, ದೊಡ್ಡ ಎ: ‘ಕ್ಯಾ’. ಟಿ, ಎಫ್, ಎಸ್, ದೊಡ್ಡ ಎಂ: ‘ತ್ಸಂ’. ಡಿ, ಎಫ್, ಆರ್: ‘ದ್ರ’. ಹನ್ನೊಂದು ಒತ್ತುಗಳಲ್ಲಿ ಊರು ತೆರೆಯ ಮೇಲೆ ಮೂಡುತ್ತದೆ. ಯಾವ ಒತ್ತು ಎಲ್ಲಿ ಕೂಡಬೇಕೆಂಬ ಚಿಂತೆ ಯಂತ್ರದ್ದು. ಇದು ಮೇಷ್ಟರ ಪಾಠವೇ ಅಲ್ಲವೆ?

ಈ ವಿನ್ಯಾಸವನ್ನು ಅಳವಡಿಸಿದ ತಂತ್ರಾಂಶಕ್ಕೆ ಅವರು ‘ಸೇಡಿಯಾಪು’ ಎಂದು ಹೆಸರಿಟ್ಟರು. ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರಿಗೆ ಸಲ್ಲಿಸಿದ ಗೌರವವದು. ಆ ಕಾಲಕ್ಕೆ ಭಾರತೀಯ ಲಿಪಿಗಳ ತಂತ್ರಾಂಶಗಳನ್ನು ಸಾಮಾನ್ಯವಾಗಿ ಬೆಲೆ ತೆತ್ತು ಕೊಳ್ಳಬೇಕಿತ್ತು. ರಾಯರು ತಮ್ಮದನ್ನು ಉಚಿತವಾಗಿ ಬಳಕೆಗೆ ಬಿಟ್ಟರು. 1983ರಲ್ಲಿ ಇನ್ಫೋಸಿಸ್ ಪುಣೆಯಿಂದ ಬೆಂಗಳೂರಿಗೆ ಬಂದಿತ್ತು. ಪರದೇಶಗಳಿಗೆ ತಂತ್ರಾಂಶ ಬರೆದುಕೊಡುವ ಉದ್ಯಮ ಬೆಳೆಯತೊಡಗಿತ್ತು. ಅದು ನಾಡಿಗೆ ಅನ್ನವಿತ್ತ ಉದ್ಯಮ, ಅದನ್ನು ಹಳಿಯಬೇಕಾದುದಿಲ್ಲ. ಆದರೆ ಕೊಳ್ಳುವವರು ವಿರಳವಾದ ಭಾಷೆಗೆ ತಂತ್ರಾಂಶ ಬರೆಯುವವರಾರು? ಲಾಭದ ಲೆಕ್ಕ ನಿಂತ ಕಡೆ ರಾಯರ ಕೆಲಸ ಮೊದಲಾಯಿತು. ಉದ್ಯಮಶೀಲತೆ ಎಂಬ ಮಾತನ್ನು ಇದಕ್ಕೂ ಸಲ್ಲಿಸುವುದು ನ್ಯಾಯವೆಂದು ನನ್ನ ಭಾವನೆ.

ಅವರ ವಿನ್ಯಾಸವೇ ಮುಂದೆ, ಅಲ್ಪಸ್ವಲ್ಪ ಮಾರ್ಪಾಟಿನೊಡನೆ, ರಾಜ್ಯ ಸರ್ಕಾರದ ಮನ್ನಣೆ ಪಡೆಯಿತು. ಕನ್ನಡ ಗಣಕ ಪರಿಷತ್ತಿನ ‘ನುಡಿ’ಯ ಮೂಲಕ ಕಚೇರಿಗಳನ್ನು ಹೊಕ್ಕಿತು. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ಬಂದು ಮನೆಮನೆಗಳಲ್ಲಿ ಕನ್ನಡ ಬರೆಯುವುದನ್ನು ಇನ್ನಷ್ಟು ಸುಲಭಗೊಳಿಸಿತು. ಜಗತ್ತಿನ ಲಿಪಿಗಳಿಗೆಲ್ಲ ಸಂಕೇತ ಗೊತ್ತುಮಾಡಿದ ಯೂನಿಕೋಡ್, 1991ರ ತನ್ನ ಮೊದಲ ಆವೃತ್ತಿಯಲ್ಲೇ ಕನ್ನಡವನ್ನು ಸೇರಿಸಿಕೊಂಡಿತ್ತು. ಸ್ವಾರಸ್ಯವೆಂದರೆ, ಅದರ ಲೆಕ್ಕದಲ್ಲಿಯೂ ‘ಕ್ಯಾತ್ಸಂದ್ರ’ ಎಂಬುದು ಹನ್ನೊಂದೇ ಸಂಕೇತಗಳು.

ಇಂದು ಹೆದ್ದಾರಿಯ ಬದಿಯಲ್ಲಿ ತಟ್ಟೆ ಇಡ್ಲಿಯ ಹೋಟೆಲುಗಳ ನಡುವೆ ಜೆರಾಕ್ಸ್ ಅಂಗಡಿಗಳಿವೆ. ಪಹಣಿಗೋ ಪಿಂಚಣಿಗೋ ಅರ್ಜಿ ಬರೆಸಲು ಬಂದ ಮುದುಕಿ ಊರಿನ ಹೆಸರು ಹೇಳುತ್ತಾಳೆ. ಅಂಗಡಿಯ ಹುಡುಗಿಯ ಬೆರಳುಗಳು ಕ್ಷಣದಲ್ಲಿ ಆ ಹನ್ನೊಂದು ಕೀಲಿಗಳನ್ನು ಮುಟ್ಟುತ್ತವೆ. ಇಬ್ಬರಿಗೂ ರಾಯರ ಹೆಸರು ತಿಳಿದಿರಲಾರದು. ಕಾಗುಣಿತವನ್ನು ಕಂಡುಹಿಡಿದವರ ಹೆಸರು ತಾನೆ ನಮ್ಮಲ್ಲಿ ಯಾರಿಗೆ ಗೊತ್ತು? ತಾನು ಮಾಡಿದ್ದು ಜನರ ಕೈಬಳಕೆಯಲ್ಲಿ ಕರಗಿಹೋಗುವುದು ಕೆಲಸಗಾರನಿಗೆ ದೊರೆಯುವ ದೊಡ್ಡ ಮನ್ನಣೆ. ಆದರೂ ಒಮ್ಮೊಮ್ಮೆ ಹೆಸರು ಹಿಡಿದು ನೆನೆಯುವುದು ಬಳಸುವ ನಮಗೆ ಸಲ್ಲುವ ಮರ್ಯಾದೆ.