ಹುರಿ, ಸರಪಳಿ, ಜೋಕಾಲಿ

ಅರವತ್ತು ದಾಟಿದ ಮೇಲೆ ಮನುಷ್ಯನು ನೆಲ ಬಿಟ್ಟು ಮೇಲೇರುವ ಪ್ರಸಂಗಗಳು ಬಹಳವಿರುವುದಿಲ್ಲ. ಮನೆಯ ಮಾಳಿಗೆ ಹತ್ತುವಾಗಲೇ ಮೊಣಕಾಲು ತಕರಾರು ತೆಗೆಯುತ್ತದೆ. ಮೂವತ್ತು ವರ್ಷಕ್ಕೂ ಮಿಗಿಲಾಗಿ ತರಗತಿಯ ವೇದಿಕೆಯ ಮೇಲೆ, ಅಂದರೆ ನೆಲದಿಂದ ಅರ್ಧ ಅಡಿ ಎತ್ತರದಲ್ಲಿ ನಿಂತು ಕನ್ನಡ ಪಾಠ ಹೇಳಿದ ನನಗೆ ಅದಕ್ಕಿಂತ ಹೆಚ್ಚಿನ ಔನ್ನತ್ಯದ ಅಭ್ಯಾಸವಿಲ್ಲ. ಹಾಗಿದ್ದೂ 2024ರ ಡಿಸೆಂಬರಿನ ಒಂದು ಬೆಳಿಗ್ಗೆ ದಾಂಡೇಲಿಯ ಕಾಡಿನ ಅಂಚಿನಲ್ಲಿ, ದೊಡ್ಡದೊಂದು ಮತ್ತಿಯ ಮರಕ್ಕೆ ಕಟ್ಟಿದ ಅಟ್ಟಣಿಗೆಯ ಮೇಲೆ, ಸೊಂಟಕ್ಕೂ ತೊಡೆಗಳಿಗೂ ಪಟ್ಟಿ ಬಿಗಿಸಿಕೊಂಡು, ತಲೆಗೆ ಹಳದಿ ಬಣ್ಣದ ಶಿರಸ್ತ್ರಾಣ ಧರಿಸಿ ನಾನು ನಿಂತಿದ್ದೆ. ಅಲ್ಲಿಗೆ ನನ್ನನ್ನು ಏರಿಸಿದವಳು ಹನ್ನೊಂದು ವರ್ಷದ ನನ್ನ ಮೊಮ್ಮಗಳು. ‘ತಾತ ಬಂದರೆ ಮಾತ್ರ ನಾನು ಬರುವೆ’ ಎಂಬುದು ಅವಳ ಷರತ್ತು. ಅವಳ ತಂದೆತಾಯಿ ಕೆಳಗೆ ನಿಂತು ಛಾಯಾಚಿತ್ರ ತೆಗೆಯುವ ಸುಲಭದ ಕೆಲಸವನ್ನು ಆರಿಸಿಕೊಂಡಿದ್ದರು.

ಇಂಥ ಉದ್ಯಾನಗಳನ್ನು ನೋಡದವರಿಗಾಗಿ ಎರಡು ಮಾತು ಹೇಳಬೇಕು. ಎತ್ತರವಾದ ಮರಗಳ ನಡುಗಾಂಡಕ್ಕೆ ಹಲಗೆಯ ಅಟ್ಟಣಿಗೆಗಳನ್ನು ಕಟ್ಟಿರುತ್ತಾರೆ. ಒಂದರಿಂದ ಇನ್ನೊಂದಕ್ಕೆ ಹೋಗಲು ಹಗ್ಗವೇ ದಾರಿ. ಒಂದು ಕಡೆ ತೂಗಾಡುವ ಹಲಗೆಗಳ ಸಾಲು, ಇನ್ನೊಂದು ಕಡೆ ಜೇಡರ ಬಲೆಯಂಥ ಜಾಲ, ಮತ್ತೊಂದು ಕಡೆ ಕಾಲಿಗೊಂದು ಕೈಗೊಂದು ಎಂದು ಎರಡೇ ಹಗ್ಗ. ಎಲ್ಲವೂ ಮುಗಿದ ಮೇಲೆ ಕಟ್ಟಕಡೆಗೆ ಬರುವುದು ಜಿಪ್‌ಲೈನ್. ಎತ್ತರದ ಮರದಿಂದ ಕಣಿವೆಯ ಆಚೆಯ ತಗ್ಗಿನ ಮರಕ್ಕೆ ಎಳೆದು ಕಟ್ಟಿದ ಉಕ್ಕಿನ ಹುರಿ. ಅದರ ಮೇಲೆ ಉರುಳುವ ಒಂದು ರಾಟೆ. ರಾಟೆಯಿಂದ ಕೆಳಕ್ಕೆ ತೂಗುವ ಪದಾರ್ಥವೇ ನಾವು. ಹುರಿಯು ತನ್ನ ಭಾರಕ್ಕೆ ತಾನೇ ಜೋಲುವುದರಿಂದ ಕೊನೆಯ ಭಾಗದಲ್ಲಿ ಕೊಂಚ ಏರಿಕೆಯಾಗಿ ವೇಗ ಕುಗ್ಗುತ್ತದೆ; ಉಳಿದ ವೇಗವನ್ನು ಒಂದು ತಡೆಹಗ್ಗ ಹಿಡಿದು ನಿಲ್ಲಿಸುತ್ತದೆ. ಸೊಂಟದ ಪಟ್ಟಿಗೆ ಎರಡು ಕೊಂಡಿಗಳಿರುತ್ತವೆ. ಒಂದನ್ನು ಬಿಚ್ಚುವ ಮುನ್ನ ಇನ್ನೊಂದು ಹಾಕಿರಲೇಬೇಕು. ಎರಡನ್ನೂ ಒಟ್ಟಿಗೆ ಬಿಚ್ಚಕೂಡದು. ಅಲ್ಲಿನ ವೇದವಾಕ್ಯ ಇದೊಂದೇ.

ಈ ಆಟದ ಹುಟ್ಟು ಆಟದಲ್ಲಿ ಆದದ್ದಲ್ಲ. 1902ರಲ್ಲಿ ಮಾರ್ಟಿನೀಕ್ ದ್ವೀಪದ ಪೆಲೆ ಪರ್ವತ ಬೆಂಕಿಯುಗುಳಿದಾಗ ಜನರನ್ನು ಪಾರುಮಾಡುವ ಕೆಲಸದಲ್ಲಿದ್ದ ಜಾರ್ಜ್ ಎಬೇರ್ ಎಂಬ ಫ್ರೆಂಚ್ ನೌಕಾಧಿಕಾರಿ, ಮನುಷ್ಯನ ಬಲವು ಇನ್ನೊಬ್ಬನ ಉಪಯೋಗಕ್ಕೆ ಬರಬೇಕೆಂದು ನಂಬಿ, ಹತ್ತುವ, ದಾಟುವ, ತೂಗುವ ಅಭ್ಯಾಸಗಳ ಶಿಕ್ಷಣವನ್ನು ರೂಪಿಸಿದನು. 1941ರಲ್ಲಿ ವೇಲ್ಸಿನ ಅಬರ್ಡೋವಿಯಲ್ಲಿ ಕುರ್ಟ್ ಹಾನ್ ಮೊದಲಾದವರು ತೆರೆದ ಶಾಲೆಯಲ್ಲಿ ಎಳೆಯ ನಾವಿಕರಿಗೆ ಧೈರ್ಯದ ಪಾಠ ನಡೆಯಿತು. 1970ರ ದಶಕದಲ್ಲಿ ಡೊನಾಲ್ಡ್ ಪೆರಿ ಎಂಬ ಜೀವವಿಜ್ಞಾನಿ ಕೋಸ್ಟರೀಕಾದ ಮಳೆಕಾಡಿನ ನೆತ್ತಿಯನ್ನು ಅಭ್ಯಾಸ ಮಾಡಲು ಹಗ್ಗಗಳ ಮೇಲೆ ಸಂಚರಿಸಿದನು. ಇವರೆಲ್ಲರ ದುಡಿಮೆಯ ಮೇಲೆ ಇಂದು ಟಿಕೆಟ್ಟು ಹರಿಯಲಾಗುತ್ತಿದೆ. ಅದರಲ್ಲಿ ತಪ್ಪೇನೂ ಇಲ್ಲ, ಬಿಡಿ.

ನಮ್ಮ ಹಂಪಿ, ಆನೆಗೊಂದಿಯ ಕಡೆಯೂ ಇಂಥ ಹುಮ್ಮಸ್ಸಿನವರು ಬರುವುದುಂಟು. ಬೆನ್ನಿಗೆ ದಪ್ಪನೆಯ ಹಾಸಿಗೆ ಕಟ್ಟಿಕೊಂಡು ನಡೆಯುವ ಪರದೇಶದ ತರುಣರನ್ನು ಕಂಡು, ಇವರಿಗೆ ಮಲಗಲು ಎಲ್ಲಿಯೂ ಸ್ಥಳ ಸಿಗಲಿಲ್ಲವೆ ಎಂದು ನಾನು ಮೊದಮೊದಲು ಮರುಗಿದ್ದೆ. ಆಮೇಲೆ ತಿಳಿಯಿತು: ಅವರು ಬಂಡೆ ಹತ್ತುವವರು, ಹಾಸಿಗೆ ಬೀಳುವುದಕ್ಕೆ. ಇನ್ನೂರೈವತ್ತು ಕೋಟಿ ವರ್ಷಗಳಷ್ಟು ಹಳೆಯದಾದ ನಮ್ಮ ಕಣಶಿಲೆಯನ್ನು ಅಂಗೈಯಿಂದ ತಡವಿ ನೋಡಲು ಜನ ಸಪ್ತಸಮುದ್ರ ದಾಟಿ ಬರುತ್ತಾರೆಂಬುದು ನಮ್ಮ ಕುರಿಗಾಹಿಗಳಿಗೆ ಇಂದಿಗೂ ಒಂದು ವಿನೋದವೇ.

ಆದರೆ ಹಗ್ಗಕ್ಕೆ ಜೋತುಬೀಳುವ ಸುಖ ನಮಗೆ ಹೊಸದೇನಲ್ಲ. ನನ್ನ ಬಾಲ್ಯ ಕಂಪ್ಲಿಯಲ್ಲಿ ಕಳೆಯಿತು. ರಜೆಯ ದಿನಗಳು ಸಂಡೂರಿನ ಕಡೆಗಿದ್ದ ತಾಯಿಯ ತವರಿನಲ್ಲಿ. ಕಂಪ್ಲಿಗೆ ಕಾಲುವೆಯ ನೀರು; ಅಲ್ಲಿ ಕಪಿಲೆ ಬಾವಿ. ಎತ್ತುಗಳು ಇಳಿಜಾರಿನಲ್ಲಿ ಇಳಿದಂತೆ ಹಗ್ಗ ಬಿಗಿದು ತೊಗಲಿನ ಬಾನಿ ಮೇಲಕ್ಕೆ ಬರುತ್ತಿತ್ತು. ಆ ಬಿಗಿದ ಹಗ್ಗದ ಮೇಲೆ ಕಪಿಲೆ ಹೊಡೆಯುವ ಸೋದರಮಾವ ಕುದುರೆ ಏರಿದಂತೆ ಕುಳಿತು ಜಾರಿ ಬರುತ್ತಿದ್ದರು. ಅವರ ಹಿಂದೆ ನಾನು. ಇಳಿಜಾರು ಮುಗಿದೊಡನೆ ಎದ್ದು ನಿಲ್ಲಬೇಕು, ತಡವಾದರೆ ಬೀಳಬೇಕು. ಆ ಹಗ್ಗಗಳನ್ನು ಹೊಸೆದು ಗಟ್ಟಿಮಾಡುವುದನ್ನೂ ನಾನು ನೋಡಿದ್ದೇನೆ. ಬಳ್ಳಾರಿ ಸೀಮೆಯವರು ಪುಂಡಿಯ ಎಲೆಯನ್ನು ಪಲ್ಯಕ್ಕೂ, ದಂಟಿನ ನಾರನ್ನು ಹಗ್ಗಕ್ಕೂ ಬಳಸಿದವರು. ನಾರು ಹೊಸೆದರೆ ಹುರಿ, ಹುರಿಗೆ ಹುರಿ ಸೇರಿದರೆ ಹಗ್ಗ. ಹಗ್ಗ ಹೊಸೆಯುವಾಗ ಮಾವ ಒಂದು ಎಳೆ ಸಡಿಲಾದರೂ ಬಿಚ್ಚಿ ಮತ್ತೆ ಹೊಸೆಯುತ್ತಿದ್ದರು. ‘ಇದರ ಮೇಲೆ ನಾನಽ ಕುಂದರಬೇಕಲ್ಲೋ’ ಎನ್ನುತ್ತಿದ್ದರು.

ನದಿಯನ್ನು ದಾಟುವುದೂ ಹೀಗೆಯೇ ಇನ್ನೊಬ್ಬನ ಕೈಗಾರಿಕೆಯನ್ನು ನಂಬಿ ಮಾಡುವ ಕೆಲಸ. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಆನೆಗೊಂದಿಯ ಬಳಿ ಬುಟ್ಟಿಯಂತೆ ದುಂಡಗಿರುವ ದೋಣಿಗಳನ್ನು ಕಂಡು ಬರೆದಿಟ್ಟಿದ್ದಾನೆ: ಒಳಗೆ ಬೆತ್ತದ ಹೆಣಿಗೆ, ಹೊರಗೆ ತೊಗಲು, ಹದಿನೈದಿಪ್ಪತ್ತು ಜನ ಹಿಡಿಯುವ ಅವು ನೆಟ್ಟಗೆ ಸಾಗದೆ ಗಿರಗಿರನೆ ಸುತ್ತುತ್ತ ಹೋಗುತ್ತವಂತೆ. ನಮ್ಮ ಹರಿಗೋಲನ್ನು ಇದಕ್ಕಿಂತ ಚೆನ್ನಾಗಿ ವರ್ಣಿಸಲು ನನಗೂ ಸಾಧ್ಯವಿಲ್ಲ. ಈಗ ತೊಗಲು ಹೋಗಿ ಪ್ಲಾಸ್ಟಿಕ್ ಹಾಳೆಯೂ ಡಾಂಬರೂ ಬಂದಿವೆ, ಸುತ್ತುವುದು ನಿಂತಿಲ್ಲ.

ಇನ್ನು ಪಂಚಮಿಯ ಜೋಕಾಲಿ. ಉತ್ತರ ಕರ್ನಾಟಕದ ಹೆಣ್ಣುಮಕ್ಕಳಿಗೆ ಅದಕ್ಕಿಂತ ದೊಡ್ಡ ಹಬ್ಬವಿಲ್ಲ. ಬೇವಿನ ಮರವೋ ಹುಣಸೆಯ ಮರವೋ, ಗಟ್ಟಿಯಾದ ಕೊಂಬೆಗೆ ಹಗ್ಗ ಬೀಳುತ್ತದೆ; ತವರಿಗೆ ಬಂದವರು ಇಬ್ಬಿಬ್ಬರಾಗಿ ಎದುರುಬದುರು ನಿಂತು ಜೀಕುತ್ತಾರೆ. ನನ್ನ ಅಕ್ಕ ಕಾಲ ಬೆರಳಿನಿಂದ ಮೇಲಿನ ಎಲೆ ಮುಟ್ಟಿ ಬರುತ್ತಿದ್ದಳು. ಆ ಎತ್ತರವನ್ನು ಅಳೆಯಲು ಯಾರೂ ಹೋಗಲಿಲ್ಲ, ಟಿಕೆಟ್ಟೂ ಇರಲಿಲ್ಲ.

2024ರ ಪಂಚಮಿಗೆ ಮೊಮ್ಮಗಳು ಕಂಪ್ಲಿಗೆ ಬಂದಿದ್ದಳು. ಆಗಸ್ಟ್ 9ರಂದು ಹಬ್ಬ. ದಿನವಿಡೀ ಜೋಕಾಲಿ ಆಡಿದಳು, ಉಂಡಿ ತಿಂದಳು. ಮರುದಿನ ಮಲಗುವ ಮುನ್ನ ನದಿಯ ಸದ್ದಿನ ಮಾತು ಬಂತು. ತುಂಗಭದ್ರಾ ಜಲಾಶಯ ತುಂಬಿ ನೀರು ಬಿಡುತ್ತಿದ್ದ ದಿನಗಳು ಅವು. ಬಿಡುಗಡೆ ಹೆಚ್ಚಾದರೆ ಗಂಗಾವತಿಗೆ ಹೋಗುವ ನಮ್ಮ ಸೇತುವೆ ಮುಳುಗುವುದೂ, ಕೋಟೆಯ ಕಡೆಯ ಮನೆಗಳಿಗೆ ನೀರು ಬರುವುದೂ ನಮಗೆ ಹೊಸದಲ್ಲ. ‘ಡ್ಯಾಮು ಒಡೆದರೆ ಏನಾಗ್ತದೆ ತಾತ?’ ಎಂದಳು. ನಾನು ಅಧ್ಯಾಪಕನ ಗತ್ತಿನಲ್ಲಿ ಉತ್ತರಿಸಿದೆ: ‘ಅದು 1953ರಲ್ಲಿ ಕಟ್ಟಿ ಮುಗಿಸಿದ್ದು. ಕಲ್ಲು, ಗಾರೆ. ಎಪ್ಪತ್ತು ವರ್ಷದಿಂದ ಅಲುಗಾಡಿಲ್ಲ. ಅದಕ್ಕೇನೂ ಆಗುವುದಿಲ್ಲ, ಮಲಗು.’

ಅದೇ ರಾತ್ರಿ, ಆಗಸ್ಟ್ 10ರಂದು, ಜಲಾಶಯದ 33 ಗೇಟುಗಳಲ್ಲಿ 19ನೆಯದರ ಸರಪಳಿ ತುಂಡಾಗಿ, ಅರುವತ್ತು ಅಡಿ ಅಗಲ ಇಪ್ಪತ್ತು ಅಡಿ ಎತ್ತರದ ಆ ಗೇಟು ನೀರಿನಲ್ಲಿ ಕೊಚ್ಚಿಹೋಯಿತು. ಅದೊಂದೇ ಕಿಂಡಿಯಿಂದ 35,000 ಕ್ಯೂಸೆಕ್ಸಿನಷ್ಟು ನೀರು ನುಗ್ಗಿತು. ಒತ್ತಡ ಇಳಿಸಲು ಬೇರೆ ಗೇಟುಗಳನ್ನೂ ತೆರೆಯಬೇಕಾಯಿತು. ದಂಡೆಯ ಊರುಗಳಿಗೆ ಎಚ್ಚರಿಕೆ ಹೋಯಿತು. ಬೆಳಗಾಗುವುದರೊಳಗೆ ನಮ್ಮ ಬೀದಿಯ ಬಾಯಲ್ಲಿ ಬೇರೆ ಮಾತೇ ಇರಲಿಲ್ಲ.

ಅಣೆಕಟ್ಟು ಒಡೆದಿರಲಿಲ್ಲ, ನಿಜ. ಕಲ್ಲೂ ಗಾರೆಯೂ ನಿಂತೇ ಇದ್ದವು. ಆದರೆ ಈ ಸೂಕ್ಷ್ಮ ಭೇದವನ್ನು ಮಗುವಿಗೆ ವಿವರಿಸಲು ನನಗೆ ನಾಲಗೆ ಏಳಲಿಲ್ಲ. ‘ಏನೂ ಆಗುವುದಿಲ್ಲ ಅಂದಿದ್ದೆಯಲ್ಲ’ ಎಂದಷ್ಟೇ ಅವಳು ಕೇಳಿದಳು. ಕೋಪದಿಂದಲ್ಲ, ತಾತನಿಗೆ ಗೊತ್ತಿಲ್ಲದ ಸಂಗತಿಗಳೂ ಇವೆಯೆಂದು ಮೊದಲ ಬಾರಿಗೆ ಕಂಡುಕೊಂಡವಳ ಧ್ವನಿಯಿಂದ. ನಾನು ಆಜನ್ಮ ಆ ನೀರನ್ನು ಉಂಡವನು. ನಮ್ಮ ಗದ್ದೆಗೆ ಆ ನೀರು, ನನ್ನ ಓದಿಗೆ ಆ ಗದ್ದೆ. ಆ ಗೇಟುಗಳು ಯಾವುದಕ್ಕೆ ಜೋತಿವೆಯೆಂದು ಒಮ್ಮೆಯೂ ವಿಚಾರಿಸಿದವನಲ್ಲ.

ಮುಂದಿನ ಒಂದು ವಾರ ನಾವಿಬ್ಬರೂ ಸುದ್ದಿಯ ಮುಂದೆ ಕುಳಿತೆವು. ಗೇಟು ತಜ್ಞರಾದ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ, ಹರಿಯುವ ನೀರಿನ ಮೇಲೆಯೇ ಕ್ರೇನುಗಳಿಂದ ಉಕ್ಕಿನ ತಡೆಹಲಗೆಗಳನ್ನು ಒಂದೊಂದಾಗಿ ಇಳಿಸಿದರು. ಕೆಲಸಗಾರರು ಆ ಭೋರ್ಗರೆತದ ನೆತ್ತಿಯಲ್ಲಿ ನಿಂತು ದುಡಿದರು. ಆ ದೃಶ್ಯ ನೋಡುವಾಗ ಮೊಮ್ಮಗಳು ನನ್ನ ತೋಳು ಬಿಡಲಿಲ್ಲ. ಆಗಸ್ಟ್ 17ರ ಹೊತ್ತಿಗೆ ಕಿಂಡಿ ಮುಚ್ಚಿತು. ಹತ್ತಾರು ಟಿಎಂಸಿ ನೀರು ಹೋಯಿತು; ಮಳೆ ಕೈಬಿಡದೆ ಜಲಾಶಯ ಮತ್ತೆ ತುಂಬಿದ್ದು ರೈತರ ಪುಣ್ಯ. 33 ಗೇಟುಗಳನ್ನೂ ಬದಲಿಸಬೇಕೆಂದು ತಜ್ಞರು ಆಮೇಲೆ ಸಲಹೆಯಿತ್ತರು.

ಈಗ ಮತ್ತಿಯ ಮರಕ್ಕೆ ಹಿಂದಿರುಗುತ್ತೇನೆ. ಹಲಗೆ, ಜಾಲ, ಎರಡು ಹಗ್ಗ ಎಲ್ಲವನ್ನೂ ಅವಳು ಅಳಿಲಿನಂತೆ ದಾಟಿದ್ದಳು. ನಾನು ಹೇಗೆ ದಾಟಿದೆನೆಂಬುದನ್ನು ಇಲ್ಲಿ ವರ್ಣಿಸುವ ಅಗತ್ಯವಿಲ್ಲ. ಆದರೆ ಕೊನೆಯ ಅಟ್ಟಣಿಗೆಯಲ್ಲಿ, ಕೊಂಡಿ ಹಾಕುವ ತರುಣ ‘ಬಾ ಅಮ್ಮಾ’ ಎಂದಾಗ ಅವಳು ಹಿಂದೆ ಸರಿದಳು. ಕೆಳಗೆ ಕಣಿವೆ. ‘ತಾತ, ಇದೂ ಕಡಿದರೆ?’

ನನ್ನ ಬಾಯಿಗೆ ‘ಏನೂ ಆಗುವುದಿಲ್ಲ’ ಎಂಬ ಮಾತು ಬಂದಿತ್ತು. ಅದನ್ನು ನುಂಗಿದೆ. ‘ನನಗೆ ಗೊತ್ತಿಲ್ಲ ತಾಯಿ. ಗೊತ್ತಿರುವವರನ್ನು ಕೇಳೋಣ’ ಎಂದೆ.

ಆ ತರುಣನ ಮಾತು ಕೇಳಿದಾಗಲೇ ನಮ್ಮ ಕಡೆಯವನೆಂಬ ಅನುಮಾನ ಬಂದಿತ್ತು. ಸಾಣಾಪುರದವನಂತೆ, ತಂದೆ ಹರಿಗೋಲು ಹಾಕುವವರು. ನಾವು ಕಂಪ್ಲಿಯವರೆಂದು ತಿಳಿದು ಅವನ ಮುಖ ಅರಳಿತು. ಹುರಿಯ ಕೊನೆಯಲ್ಲಿ ಕತ್ತರಿಸಿದ ತುದಿಯನ್ನು ಮೊಮ್ಮಗಳಿಗೆ ತೋರಿಸಿದ: ‘ನೋಡವ್ವಾ, ಇದು ಒಂದಲ್ಲ. ಸಣ್ಣ ಸಣ್ಣ ತಂತಿ ಹೊಸದು ಒಂದು ಎಳಿ, ಎಳಿ ಎಲ್ಲಾ ಕೂಡಿ ಹುರಿ. ಒಂದು ತಂತಿ ಹರಿದ್ರ ಹೊರಗ ಮುಳ್ಳಿನಂಗ ಏಳತದ. ಬಟ್ಟಿ ಹಿಡಿದು ಒರಸಿದ್ರ ಬಟ್ಟಿಗೆ ತೊಡರತದ. ಆವಾಗ ಬಂದ್ ಮಾಡಿ ಬ್ಯಾರೆ ಹಾಕತಾರ.’

ಅವನ ಮಾತು ಕೇಳುತ್ತ ನನಗೆ ಎಂದೋ ಓದಿದ್ದು ನೆನಪಾಯಿತು. ಜರ್ಮನಿಯ ಹಾರ್ಟ್ಸ್ ಬೆಟ್ಟಗಳ ಗಣಿಗಳಲ್ಲಿ ಅದಿರು ಎತ್ತಲು ಸರಪಳಿ ಬಳಸುತ್ತಿದ್ದರು. ಸರಪಳಿಯ ಒಂದು ಕೊಂಡಿ ಮುರಿದರೆ ಉಳಿದ ಸಾವಿರ ಕೊಂಡಿಗಳು ಗಟ್ಟಿಯಾಗಿದ್ದೂ ನಿಷ್ಫಲ. ಅದು ಮುರಿಯುವ ಮುನ್ನ ಸೂಚನೆಯನ್ನೂ ಕೊಡುವುದಿಲ್ಲ. ಇದರಿಂದ ಬೇಸತ್ತ ವಿಲ್ಹೆಲ್ಮ್ ಆಲ್ಬರ್ಟ್ ಎಂಬ ಗಣಿ ಅಧಿಕಾರಿ 1834ರಲ್ಲಿ ಕ್ಲೌಸ್ತಾಲಿನಲ್ಲಿ ನಾಲ್ಕು ನಾಲ್ಕು ತಂತಿಗಳ ಮೂರು ಎಳೆಗಳನ್ನು ಕೈಯಿಂದಲೇ ಹೊಸೆದು ಉಕ್ಕಿನ ಹುರಿಯ ಮೂಲರೂಪವನ್ನು ಮಾಡಿದನು. ಒಂದು ತಂತಿ ಕಡಿದರೆ ಪಕ್ಕದ ತಂತಿಗಳು ಭಾರವನ್ನು ಹಂಚಿಕೊಳ್ಳುತ್ತವೆ. ನನ್ನ ಮಾವನ ಪುಂಡಿನಾರಿನ ವಿದ್ಯೆಯೇ ಅದು, ಲೋಹದಲ್ಲಿ. ಹಾಗೆಂದು ಹುರಿ ಅಮರವೆಂದಲ್ಲ. ನೋಡುವವರಿಗೆ ಅದು ಮುಂಚಿತವಾಗಿ ಹೇಳುತ್ತದೆ, ಅಷ್ಟೆ. ನೋಡದವರಿಗೆ ಹುರಿಯೂ ಒಂದೇ, ಸರಪಳಿಯೂ ಒಂದೇ.

‘ದಿನಾ ನೋಡ್ತೀರಾ?’ ಮೊಮ್ಮಗಳ ಪ್ರಶ್ನೆ.

‘ದಿನಾ ಮುಂಜಾನೆ. ನೋಡಿ ಆದಮ್ಯಾಲೆ ನಾನಽ ಮೊದಲ ಹೋಗಿ ಬರತೀನಿ. ಆಮ್ಯಾಲೆ ಮಂದಿ.’

ಅವಳು ಸ್ವಲ್ಪ ಹೊತ್ತು ಯೋಚಿಸಿದಳು. ಅನಂತರ ನನ್ನತ್ತ ತಿರುಗಿ, ‘ಮೊದಲು ನೀನು ಹೋಗು ತಾತ’ ಎಂದಳು. ನ್ಯಾಯವಾದ ಬೇಡಿಕೆ. ನಾನು ಹೋದೆ. ಕಣ್ಣು ತೆರೆದಿದ್ದೆನೆಂದು ಹೇಳಿಕೊಳ್ಳುವಷ್ಟು ಸುಳ್ಳುಗಾರ ನಾನಲ್ಲ. ಕಾಲ ಕೆಳಗಿನ ನೆಲ ಇಲ್ಲವಾದ ಕ್ಷಣ ಹೊಟ್ಟೆಯಲ್ಲಿ ಎದ್ದ ತಳಮಳ ಮಾತ್ರ ಬಹಳ ಹಳೆಯ ಪರಿಚಯದ್ದು. ಕಪಿಲೆಯ ಹಗ್ಗದ್ದೇ ಅದು. ನಡುವೆ ಒಮ್ಮೆ ಕಣ್ಣು ತೆರೆದಾಗ ಮರಗಳ ನೆತ್ತಿ ಹಸಿರು ಗದ್ದೆಯಂತೆ ಕೆಳಗೆ ಹರಡಿತ್ತು. ಅಷ್ಟರಲ್ಲಿ ತಡೆಹಗ್ಗ ಹಿಡಿಯಿತು.

ಆಚೆಯ ಅಟ್ಟಣಿಗೆಯಲ್ಲಿ ಕೊಂಡಿ ಬಿಚ್ಚಿಸಿಕೊಂಡು ಕಾದು ನಿಂತೆ. ಎಲೆಗಳ ಮರೆಯಲ್ಲಿ ಅವಳು ಕಾಣುತ್ತಿರಲಿಲ್ಲ. ಕೇಳುಗರೆ, ಆ ಒಂದೆರಡು ನಿಮಿಷ ನನ್ನ ಪ್ರಯಾಣಕ್ಕಿಂತ ದೀರ್ಘವಾಗಿತ್ತು. ಅನಂತರ ಹುರಿ ಸಣ್ಣಗೆ ಗುಂಯ್‌ಗುಡತೊಡಗಿತು. ಹಸಿರಿನ ನಡುವಿನಿಂದ ಹಳದಿ ಶಿರಸ್ತ್ರಾಣವೊಂದು ಕಾಣಿಸಿ, ಬೆಳೆದು, ಕಿರುಚುತ್ತ ಬಂದು ನಿಂತಿತು. ಪಂಚಮಿಯ ಜೋಕಾಲಿಯ ಮೇಲಿನ ಕೂಗೇ ಅದು.

ನೆಲಕ್ಕಿಳಿದವಳು ಮೊದಲು ನೀರು ಕುಡಿದಳು. ಆಮೇಲೆ ತಲೆಯೆತ್ತಿ ತಡೆಹಗ್ಗವನ್ನೇ ದಿಟ್ಟಿಸುತ್ತ, ‘ತಾತ, ಈ ಹಗ್ಗ ಎಷ್ಟು ದಿನಕ್ಕೊಮ್ಮೆ ಬದಲಿಸ್ತಾರೆ? ಅದನ್ನು ಕೇಳಲೇ ಇಲ್ಲವಲ್ಲ’ ಎಂದಳು. ಸಾಣಾಪುರದ ಹುಡುಗನನ್ನು ವಿಚಾರಿಸಲು ನಾವಿಬ್ಬರೂ ಮತ್ತೆ ಮರದ ಕಡೆಗೆ ನಡೆದೆವು.