ಪದವಿ ಮುಗಿದ ಮೇಲೊಂದು ಪರೀಕ್ಷೆ

(ಕಾನೂನು ಪದವೀಧರರು ಹಾಗೂ ಅವರ ಹೆತ್ತವರಿಗಾಗಿ ಏರ್ಪಡಿಸಲಾಗಿದ್ದ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಪ್ರವಾದಿತ್ವಕ್ಕಿಂತ ಬಹಳ ಮುಂಚೆ ಮಕ್ಕಾದಲ್ಲಿ ನಡೆದ ಒಂದು ಘಟನೆಯನ್ನು ಇತಿಹಾಸ ದಾಖಲಿಸಿದೆ. ಯಮನ್ ಕಡೆಯಿಂದ ಬಂದ ವ್ಯಾಪಾರಿಯೊಬ್ಬನ ಸರಕನ್ನು ಮಕ್ಕಾದ ಪ್ರಮುಖನಾದ ಆಸ್ ಬಿನ್ ವಾಇಲ್ ಖರೀದಿಸಿದ. ಆದರೆ ಹಣ ಕೊಡಲಿಲ್ಲ. ಪರವೂರಿನ ಆ ಮನುಷ್ಯನಿಗೆ ಅಲ್ಲಿ ಬಂಧುಗಳಿರಲಿಲ್ಲ, ಗೋತ್ರದ ಬೆಂಬಲವಿರಲಿಲ್ಲ. ಅವನು ಬೆಟ್ಟವನ್ನೇರಿ ತನಗಾದ ಅನ್ಯಾಯವನ್ನು ಕೂಗಿ ಹೇಳಿದ. ಆಗ ಅಬ್ದುಲ್ಲಾ ಬಿನ್ ಜುದ್‌ಆನ್‌ರ ಮನೆಯಲ್ಲಿ ಕೆಲವರು ಸಭೆ ಸೇರಿ, ಮರ್ದಿತನು ಯಾರೇ ಆಗಿರಲಿ, ಅವನ ಹಕ್ಕು ಅವನಿಗೆ ದೊರೆಯುವ ತನಕ ಅವನ ಪರ ನಿಲ್ಲುವುದಾಗಿ ಪ್ರತಿಜ್ಞೆ ಕೈಗೊಂಡರು. ಇದೇ ಹಿಲ್ಫುಲ್ ಫುಝೂಲ್. ಆ ಸಭೆಯಲ್ಲಿ ಯುವಕರಾಗಿದ್ದ ಮುಹಮ್ಮದ್(ಸ) ಕೂಡಾ ಇದ್ದರು. ಪ್ರವಾದಿಯಾದ ಬಳಿಕವೂ ಅವರು ಆ ಒಪ್ಪಂದವನ್ನು ಅಭಿಮಾನದಿಂದ ಸ್ಮರಿಸುತ್ತಿದ್ದರು.

ಆ ವ್ಯಾಪಾರಿಗೆ ಬೇಕಾಗಿದ್ದುದು ಅನುಕಂಪವಲ್ಲ. ತನ್ನ ಪರವಾಗಿ ಎದ್ದು ನಿಂತು ಮಾತನಾಡಬಲ್ಲ ಒಬ್ಬ ವ್ಯಕ್ತಿ. ಇಂದಿನ ಭಾಷೆಯಲ್ಲಿ ಹೇಳುವುದಾದರೆ ಒಬ್ಬ ವಕೀಲ.

ಪತ್ರಿಕೆಯಲ್ಲಿ ದುಡಿಯುವ ನಾವು ಇಲ್ಲಿ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕಾಗಿದೆ. ನ್ಯಾಯಾಲಯದಿಂದ ತೀರ್ಪು ಬಂದ ದಿನ ನಾವು ಲೇಖನ ಬರೆಯುತ್ತೇವೆ, ವೇದಿಕೆಗಳಲ್ಲಿ ಮಾತನಾಡುತ್ತೇವೆ, ಖಂಡಿಸುತ್ತೇವೆ ಅಥವಾ ಸ್ವಾಗತಿಸುತ್ತೇವೆ. ಆದರೆ ಆ ತೀರ್ಪು ಬರುವುದಕ್ಕೆ ಮುಂಚಿನ ಹತ್ತು ವರ್ಷಗಳ ಕಾಲ ಆ ಕಡತವನ್ನು ಓದಿದವರು ಯಾರು, ಪ್ರತಿ ವಾಯಿದೆಗೆ ಹಾಜರಾದವರು ಯಾರು ಎಂದು ಕೇಳುವುದಿಲ್ಲ. ತೀರ್ಪಿನ ಬಗ್ಗೆ ಮಾತನಾಡುವವರು ನಮ್ಮಲ್ಲಿ ಸಾವಿರಾರು. ತೀರ್ಪಿನ ದಾರಿಯನ್ನು ಸಿದ್ಧಗೊಳಿಸುವವರು ಬೆರಳೆಣಿಕೆಯಷ್ಟು.

ಒಂದು ಉದಾಹರಣೆ ನೋಡೋಣ. ಬಂಧಿತನಾದ ವ್ಯಕ್ತಿಯ ವಿರುದ್ಧ 60 ದಿನಗಳೊಳಗೆ, ಮರಣದಂಡನೆ, ಜೀವಾವಧಿ ಅಥವಾ ಹತ್ತು ವರ್ಷ ಇಲ್ಲವೇ ಅದಕ್ಕಿಂತ ಹೆಚ್ಚು ಶಿಕ್ಷೆಯ ಅಪರಾಧವಾದರೆ 90 ದಿನಗಳೊಳಗೆ, ತನಿಖೆ ಮುಗಿಸಿ ಆರೋಪ ಪಟ್ಟಿ ಸಲ್ಲಿಸದಿದ್ದರೆ ಅವನಿಗೆ ಜಾಮೀನು ಪಡೆಯುವ ಹಕ್ಕು ಬರುತ್ತದೆ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 187ನೇ ಕಲಮು ಇದನ್ನು ಹೇಳುತ್ತದೆ. ಆದರೆ ಈ ಹಕ್ಕು ತಾನಾಗಿ ಜೈಲಿನ ಬಾಗಿಲು ತೆರೆಯುವುದಿಲ್ಲ. ಯಾರಾದರೂ ದಿನ ಲೆಕ್ಕ ಹಾಕಿ ಅರ್ಜಿ ಸಲ್ಲಿಸಬೇಕು. ಅರ್ಜಿಗೆ ಮುಂಚೆ ಆರೋಪ ಪಟ್ಟಿ ಬಂದುಬಿಟ್ಟರೆ ಆ ಹಕ್ಕು ಅಲ್ಲಿಗೆ ಮುಗಿಯಿತು. ಆ ಒಂದು ದಿನವನ್ನು ಲೆಕ್ಕ ಹಾಕುವವರಿಲ್ಲದೆ ಒಬ್ಬ ಯುವಕ ಇನ್ನೂ ಎರಡು ವರ್ಷ ಒಳಗೆ ಉಳಿಯಬಹುದು. ಅವನ ತಾಯಿ ಮಸೀದಿಯ ಬಾಗಿಲಲ್ಲಿ ನಿಂತು ದುಆ ಕೇಳುತ್ತಾಳೆ. ನಾವು ದುಆ ಮಾಡುತ್ತೇವೆ. ದುಆ ಬೇಕು. ಆದರೆ ಆ 91ನೇ ದಿನದ ಬೆಳಗ್ಗೆ ಅರ್ಜಿಯೂ ಬೇಕಿತ್ತು.

ಇಂತಹ ಅರ್ಜಿಯನ್ನು ಬರೆಯಬಲ್ಲವರು ಇಂದು ಈ ಸಭಾಂಗಣದಲ್ಲಿ ಕುಳಿತಿದ್ದಾರೆ. ಅವರಿಗೂ ನ್ಯಾಯಾಲಯಕ್ಕೂ ನಡುವೆ ಒಂದು ಪರೀಕ್ಷೆ ಇದೆ. ಅದುವೇ ಅಖಿಲ ಭಾರತ ವಕೀಲರ ಪರೀಕ್ಷೆ, ಎಐಬಿಇ. ಭಾರತೀಯ ಬಾರ್ ಕೌನ್ಸಿಲ್ ಇದನ್ನು 2010ರಲ್ಲಿ ರೂಪಿಸಿತು. ಮೊದಲ ಪರೀಕ್ಷೆ 2011ರ ಮಾರ್ಚ್ 6ರಂದು ನಡೆಯಿತು. ಇದರ ಸಿಂಧುತ್ವವನ್ನು ಪ್ರಶ್ನಿಸಲಾಯಿತಾದರೂ 2023ರ ಫೆಬ್ರವರಿ 10ರಂದು ಸುಪ್ರೀಮ್ ಕೋರ್ಟಿನ ಐವರು ನ್ಯಾಯಾಧೀಶರ ಪೀಠವು ಬಾರ್ ಕೌನ್ಸಿಲಿಗೆ ಈ ಅಧಿಕಾರವಿದೆ ಎಂದು ಎತ್ತಿಹಿಡಿಯಿತು. ಆದ್ದರಿಂದ ಪರೀಕ್ಷೆ ಬೇಕೇ ಬೇಡವೇ ಎಂಬ ಚರ್ಚೆಯಲ್ಲಿ ಕಾಲ ಕಳೆಯುವುದರಲ್ಲಿ ಪ್ರಯೋಜನವಿಲ್ಲ.

ಹೆತ್ತವರು ಒಂದು ವಿಷಯವನ್ನು ತಿಳಿದಿರಬೇಕು. ಮಗ ಅಥವಾ ಮಗಳು ಎಲ್‌ಎಲ್‌ಬಿ ಮುಗಿಸಿದ ಮಾತ್ರಕ್ಕೆ ವಕೀಲರಾಗುವುದಿಲ್ಲ. ಮೊದಲು ರಾಜ್ಯ ಬಾರ್ ಕೌನ್ಸಿಲಿನಲ್ಲಿ ನೋಂದಣಿಯಾಗಬೇಕು. ಆ ಬಳಿಕ ಎರಡು ವರ್ಷಗಳೊಳಗೆ ಈ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು. ಅಂತಿಮ ವರ್ಷದ ವಿದ್ಯಾರ್ಥಿಗಳಿಗೂ ಪರೀಕ್ಷೆಗೆ ನೋಂದಾಯಿಸಲು ಅವಕಾಶ ನೀಡುವಂತೆ 2024ರ ಸೆಪ್ಟೆಂಬರ್‌ನಲ್ಲಿ ಸುಪ್ರೀಮ್ ಕೋರ್ಟ್ ಆದೇಶಿಸಿತು. ಕಲಿಯುತ್ತಿರುವಾಗಲೇ ಸಿದ್ಧತೆ ಆರಂಭಿಸಲು ಇದು ಒಳ್ಳೆಯ ಕಾರಣ.

ನೋಂದಣಿ ಶುಲ್ಕದ ಭಯದಿಂದ ಹಿಂದೆ ಸರಿದ ಬಡ ಪದವೀಧರರಿದ್ದರು. ಕೆಲವು ರಾಜ್ಯಗಳಲ್ಲಿ ಅದು ಹದಿನೈದು ಸಾವಿರವನ್ನೂ ಮೀರಿತ್ತು. 2024ರ ಜುಲೈ 30ರಂದು ಸುಪ್ರೀಮ್ ಕೋರ್ಟ್ 1961ರ ವಕೀಲರ ಅಧಿನಿಯಮವನ್ನು ಮುಂದಿಟ್ಟುಕೊಂಡು, ಅದರಲ್ಲಿ ಹೇಳಿದ 600 ರೂಪಾಯಿ ಹಾಗೂ ಭಾರತೀಯ ಬಾರ್ ಕೌನ್ಸಿಲಿನ 150 ರೂಪಾಯಿಗಿಂತ ಹೆಚ್ಚು ಪಡೆಯಕೂಡದು ಎಂದು ತೀರ್ಪಿತ್ತಿತು. ಪರಿಶಿಷ್ಟ ಜಾತಿ, ಪಂಗಡದವರಿಗೆ ಇದು ಒಟ್ಟು 125 ರೂಪಾಯಿ. 2025ರ ಆಗಸ್ಟ್‌ನಲ್ಲಿ ನಮ್ಮ ಕರ್ನಾಟಕಕ್ಕೆ ಸಂಬಂಧಿಸಿದ ಅರ್ಜಿಯಲ್ಲೇ, ಐಚ್ಛಿಕ ಎಂಬ ಹೆಸರಿನಲ್ಲೂ ಹೆಚ್ಚುವರಿ ಹಣ ಪಡೆಯುವಂತಿಲ್ಲ ಎಂದು ಅದೇ ನ್ಯಾಯಾಲಯ ಸ್ಪಷ್ಟಪಡಿಸಿತು. ಪರೀಕ್ಷೆಯ ಶುಲ್ಕ ಬೇರೆ ಇದೆ. ಆದರೆ ಮೊದಲ ಬಾಗಿಲಿನ ಭಾರ ಇಳಿದಿದೆ. ತನ್ನ ಹಕ್ಕನ್ನೇ ತಿಳಿಯದ ಪದವೀಧರ ಕಕ್ಷಿದಾರನ ಹಕ್ಕನ್ನು ಹೇಗೆ ಕಾಪಾಡಿಯಾನು?

ಇನ್ನು ಪರೀಕ್ಷೆಯ ಸ್ವರೂಪ. ನೂರು ಪ್ರಶ್ನೆಗಳು. ಪ್ರತಿಯೊಂದಕ್ಕೂ ನಾಲ್ಕು ಆಯ್ಕೆಗಳು, ಒಂದು ಅಂಕ. ತಪ್ಪು ಉತ್ತರಕ್ಕೆ ಅಂಕ ಕಡಿತವಿಲ್ಲ. ಆದ್ದರಿಂದ ಯಾವ ಪ್ರಶ್ನೆಯನ್ನೂ ಖಾಲಿ ಬಿಡಬಾರದು. ಮೊದಲು ನೂರಕ್ಕೆ 40 ಅಂಕ ಸಾಕಿತ್ತು. 2023ರಲ್ಲಿ ಅದನ್ನು ಸಾಮಾನ್ಯ ಹಾಗೂ ಹಿಂದುಳಿದ ವರ್ಗದವರಿಗೆ 45ಕ್ಕೆ ಏರಿಸಲಾಯಿತು. ಪರೀಕ್ಷೆಯನ್ನು ಕನ್ನಡದಲ್ಲೂ ಬರೆಯಬಹುದು. ಕನ್ನಡ ಮಾಧ್ಯಮದಲ್ಲಿ ಕಲಿತ ನಮ್ಮ ಮಕ್ಕಳು ಇಂಗ್ಲಿಷಿಗೆ ಅಂಜಿ ಹಿಂಜರಿಯಬೇಕಾಗಿಲ್ಲ.

ಒಟ್ಟು 19 ವಿಷಯಗಳಿವೆ. ಹತ್ತೊಂಬತ್ತು ಎಂದಾಕ್ಷಣ ಧೈರ್ಯಗುಂದುವವರು ಅಂಕಗಳ ಹಂಚಿಕೆಯನ್ನು ನೋಡಬೇಕು. ಸಂವಿಧಾನ, ನಾಗರಿಕ ಸುರಕ್ಷಾ ಸಂಹಿತೆ, ಸಿವಿಲ್ ಪ್ರಕ್ರಿಯಾ ಸಂಹಿತೆ ಈ ಮೂರಕ್ಕೆ ತಲಾ 10 ಪ್ರಶ್ನೆಗಳು. ನ್ಯಾಯ ಸಂಹಿತೆ, ಸಾಕ್ಷ್ಯ ಅಧಿನಿಯಮ, ಕೌಟುಂಬಿಕ ಕಾನೂನು ಹಾಗೂ ಕರಾರು ಮತ್ತು ಆಸ್ತಿಗೆ ಸಂಬಂಧಿಸಿದ ಕಾನೂನುಗಳ ಗುಂಪು ಈ ನಾಲ್ಕಕ್ಕೆ ತಲಾ 8. ಈ ಏಳರಿಂದಲೇ 62 ಪ್ರಶ್ನೆಗಳು ಬರುತ್ತವೆ. ಉಳಿದ ಹನ್ನೆರಡು ವಿಷಯಗಳಿಂದ 38. ಏಳು ವಿಷಯಗಳನ್ನು ಗಟ್ಟಿಯಾಗಿ ಓದಿದವನಿಗೆ 45 ದೂರದ ಗುರಿಯಲ್ಲ. ವೃತ್ತಿ ನೀತಿಗೆ 4 ಪ್ರಶ್ನೆಗಳಿವೆ. ಅದನ್ನು ಸುಲಭವೆಂದು ಬಿಡುವವರಿದ್ದಾರೆ. ಕಕ್ಷಿದಾರನ ಗುಟ್ಟು, ಅವನ ಹಣ, ಎದುರಾಳಿಯೊಂದಿಗಿನ ನಡವಳಿಕೆ ಇವೆಲ್ಲ ಅಮಾನತ್‌ಗೆ ಸಂಬಂಧಿಸಿದ ವಿಷಯಗಳು. ಅಂಕಕ್ಕಾಗಿ ಅಲ್ಲವಾದರೂ ನಾವು ಅದನ್ನು ಮೊದಲು ಓದಬೇಕು.

ಹಾಗಾದರೆ ಯಾವುದನ್ನು ಓದಬೇಕು? ಮದ್ರಸಗಳಲ್ಲಿ ಕಲಿತ ನಮಗೆ ಒಂದು ಕ್ರಮ ಗೊತ್ತಿದೆ. ಉಸ್ತಾದರು ಮೊದಲು ಮತ್ನ್, ಅಂದರೆ ಮೂಲ ಪಠ್ಯವನ್ನು ಓದಿಸುತ್ತಾರೆ. ಶರಹ್, ಅಂದರೆ ವ್ಯಾಖ್ಯಾನ, ನಂತರ ಬರುತ್ತದೆ. ಮತ್ನ್ ಕೈಯಲ್ಲಿಲ್ಲದೆ ಶರಹ್ ಓದಿದವನು ಇತರರ ಮಾತನ್ನು ಉರು ಹೊಡೆಯುತ್ತಾನೆಯೇ ಹೊರತು ವಿದ್ವಾಂಸನಾಗುವುದಿಲ್ಲ. ಕಾನೂನಿನಲ್ಲಿ ಬೇರ್ ಆ್ಯಕ್ಟ್ ಎಂದರೆ ಮತ್ನ್. ಪೇಟೆಯಲ್ಲಿ ಸಿಗುವ ಗೈಡುಗಳು ಶರಹ್. ನಮ್ಮ ಯುವಕರು ದಪ್ಪ ಗೈಡನ್ನು ಖರೀದಿಸುತ್ತಾರೆ, ಬೇರ್ ಆ್ಯಕ್ಟನ್ನು ತೆರೆಯುವುದೇ ಇಲ್ಲ. ಆದರೆ ಪರೀಕ್ಷಾ ಕೊಠಡಿಗೆ ಒಯ್ಯಲು ಅನುಮತಿಯಿರುವುದು ಟಿಪ್ಪಣಿಗಳಿಲ್ಲದ ಬೇರ್ ಆ್ಯಕ್ಟನ್ನು ಮಾತ್ರ. 2021ರಿಂದ ಗೈಡು, ನೋಟ್ಸುಗಳಿಗೆ ಅಲ್ಲಿ ಪ್ರವೇಶವಿಲ್ಲ. ಪುಸ್ತಕ ಕೈಯಲ್ಲಿದ್ದರೂ ಯಾವ ಕಲಮು ಯಾವ ಅಧ್ಯಾಯದಲ್ಲಿದೆ ಎಂದು ತಿಳಿಯದವನಿಗೆ ಅದು ಬರೀ ಹೊರೆ.

ಬೇರ್ ಆ್ಯಕ್ಟುಗಳಿಗೆ ಹಣವಿಲ್ಲ ಎನ್ನುವವರಿಗೆ ಕೇಂದ್ರ ಸರಕಾರದ ಇಂಡಿಯಾ ಕೋಡ್ ಜಾಲತಾಣದಲ್ಲಿ ಕೇಂದ್ರ ಕಾನೂನುಗಳ ಪಠ್ಯ ಉಚಿತವಾಗಿ ದೊರೆಯುತ್ತದೆ. 2023ರಿಂದ ಸುಪ್ರೀಮ್ ಕೋರ್ಟಿನ ತೀರ್ಪುಗಳು ಇ-ಎಸ್‌ಸಿಆರ್‌ನಲ್ಲಿ ಉಚಿತವಾಗಿ ಲಭ್ಯವಿವೆ. ಹಿಂದಿನ ವರ್ಷಗಳ ಪ್ರಶ್ನೆ ಪತ್ರಿಕೆಗಳನ್ನು ಕನಿಷ್ಠ ಐದು ಬಾರಿಯಾದರೂ, ಸಮಯ ನಿಗದಿಪಡಿಸಿಕೊಂಡು, ಬರೆದು ಅಭ್ಯಾಸ ಮಾಡಬೇಕು. ತಪ್ಪಾದ ಪ್ರತಿಯೊಂದು ಉತ್ತರದ ಎದುರು ಸರಿಯಾದ ಕಲಮಿನ ಸಂಖ್ಯೆಯನ್ನು ಕೈಬರಹದಲ್ಲಿ ಬರೆದಿಟ್ಟುಕೊಳ್ಳಬೇಕು. ಆ ಹಳೆಯ ನೋಟು ಪುಸ್ತಕ ಯಾವ ಕೋಚಿಂಗ್ ಕೇಂದ್ರಕ್ಕಿಂತಲೂ ಹೆಚ್ಚು ಉಪಕಾರ ಮಾಡುತ್ತದೆ.

ಒಂದು ಎಚ್ಚರಿಕೆ. ಅಣ್ಣಂದಿರ ಹಳೆಯ ಪುಸ್ತಕಗಳನ್ನು ನಂಬಬೇಡಿ. 2024ರ ಜುಲೈ 1ರಿಂದ ಮೂರು ಹೊಸ ಅಪರಾಧ ಕಾನೂನುಗಳು ಜಾರಿಗೆ ಬಂದಿವೆ. ಸಂಖ್ಯೆಗಳು ಬದಲಾಗಿರುವುದು ಮಾತ್ರವಲ್ಲ, ಹಳೆಯ ಸಂಖ್ಯೆ ಹೊಸ ಅರ್ಥದಲ್ಲಿ ಬಂದು ಕುಳಿತಿದೆ. ಹಳೆಯ ದಂಡ ಸಂಹಿತೆಯ 302 ಕೊಲೆಗೆ ಶಿಕ್ಷೆಯಾಗಿತ್ತು. ಈಗ ಅದು 103. ಹೊಸ ಸಂಹಿತೆಯ 302 ಧಾರ್ಮಿಕ ಭಾವನೆಯನ್ನು ಮಾತಿನಿಂದ ನೋಯಿಸುವ ಅಪರಾಧ. ಹಳೆಯ ಪ್ರಕ್ರಿಯಾ ಸಂಹಿತೆಯ 482 ಹೈಕೋರ್ಟಿನ ಅಂತರ್ಗತ ಅಧಿಕಾರವಾಗಿತ್ತು. ಈಗ 482 ಎಂದರೆ ನಿರೀಕ್ಷಣಾ ಜಾಮೀನು, ಅಂತರ್ಗತ ಅಧಿಕಾರ 528ಕ್ಕೆ ಹೋಗಿದೆ. ಪತ್ನಿ ಮಕ್ಕಳ ಜೀವನಾಂಶದ 125 ಈಗ 144 ಆಗಿದೆ. 2025ರ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳೂ ಜಾರಿಯಾದವು. ಪುಸ್ತಕ ಖರೀದಿಸುವ ಮುನ್ನ ಮುದ್ರಣದ ವರ್ಷವನ್ನೂ, ಅರ್ಜಿ ತುಂಬುವ ಮುನ್ನ ಆ ಬಾರಿಯ ಅಧಿಸೂಚನೆಯನ್ನೂ ನೋಡಿಕೊಳ್ಳಿ.

ಕೌಟುಂಬಿಕ ಕಾನೂನಿನ ಎಂಟು ಪ್ರಶ್ನೆಗಳ ಕುರಿತು ಒಂದು ಮಾತು. ಇದು ನಮಗೆ ಗೊತ್ತಿರುವ ವಿಷಯವೆಂದು ನಮ್ಮ ವಿದ್ಯಾರ್ಥಿಗಳು ಉದಾಸೀನ ತೋರುತ್ತಾರೆ. ಮದ್ರಸದಲ್ಲಿ ಫರಾಯಿಝ್ ಕಲಿತವನಿಗೆ ವಾರೀಸು ಪಾಲಿನ ಲೆಕ್ಕ ಬರುತ್ತದೆ, ನಿಜ. ಆದರೆ ನ್ಯಾಯಾಲಯವು ನೋಡುವುದು 1937ರ ಶರೀಅತ್ ಅನ್ವಯ ಕಾಯ್ದೆ, ಮುಸ್ಲಿಂ ಮಹಿಳೆಗೆ ವಿವಾಹ ವಿಚ್ಛೇದನದ ಹಕ್ಕು ನೀಡುವ 1939ರ ಕಾಯ್ದೆ, 1986ರ ಕಾಯ್ದೆ, ಅದನ್ನು ವ್ಯಾಖ್ಯಾನಿಸಿದ 2001ರ ಡ್ಯಾನಿಯಲ್ ಲತೀಫಿ ತೀರ್ಪು, 2017ರ ಶಾಯರಾ ಬಾನೋ ತೀರ್ಪು, 2019ರ ಕಾಯ್ದೆ ಇವುಗಳನ್ನು. ವಿಚ್ಛೇದಿತ ಮುಸ್ಲಿಂ ಮಹಿಳೆಯೂ 125ನೇ ಕಲಮಿನಡಿ ಜೀವನಾಂಶ ಕೇಳಬಹುದೆಂದು 2024ರ ಜುಲೈ 10ರಂದು ಸುಪ್ರೀಮ್ ಕೋರ್ಟ್ ಹೇಳಿತು. ತೀರ್ಪನ್ನು ವಿಮರ್ಶಿಸುವುದು ಬೇರೆ, ತೀರ್ಪನ್ನು ತಿಳಿಯದಿರುವುದು ಬೇರೆ. ಮಹ್ರ್ ಕೊಡದೆ, ಮಕ್ಕಳ ಖರ್ಚು ಕೊಡದೆ ಪತ್ನಿಯನ್ನು ತವರಿಗೆ ಕಳುಹಿಸಿದವನು ಶರೀಅತ್ತಿನ ಹೆಸರೆತ್ತಿದಾಗ, ಶರೀಅತ್ತೂ ಅವನ ಪರವಾಗಿಲ್ಲ, ಕಾನೂನೂ ಅವನ ಪರವಾಗಿಲ್ಲ ಎಂದು ದೃಢವಾಗಿ ಹೇಳಬಲ್ಲ ವಕೀಲೆ ನಮ್ಮ ಊರಿಗೆ ಬೇಕು. ನಮ್ಮವರ ವಿರುದ್ಧವೇ ಆದರೂ ನ್ಯಾಯದ ಪರ ಸಾಕ್ಷಿ ನಿಲ್ಲಬೇಕೆಂಬುದು ಪವಿತ್ರ ಕುರ್‌ಆನಿನ ಅನ್ನಿಸಾ ಅಧ್ಯಾಯದ 135ನೇ ಸೂಕ್ತದ ಬೋಧನೆಯಲ್ಲವೇ?

ವಕೀಲೆ ಎಂದೆವು. ಕಾನೂನು ಕಲಿತ ನಮ್ಮ ಹೆಣ್ಣು ಮಕ್ಕಳ ಪದವಿ ಪತ್ರ ಮದುವೆಯ ಮಾತುಕತೆಯಲ್ಲಿ ಹೆಮ್ಮೆಯಿಂದ ಪ್ರಸ್ತಾಪವಾಗುತ್ತದೆ. ಮದುವೆಯ ನಂತರ ಕಪಾಟು ಸೇರುತ್ತದೆ. ಪೀಡನೆಗೊಳಗಾದ ಸಹೋದರಿ ತನ್ನ ಅತ್ಯಂತ ಖಾಸಗಿ ನೋವನ್ನು ಅಪರಿಚಿತ ಪುರುಷ ವಕೀಲನ ಮುಂದೆ ತೋಡಿಕೊಳ್ಳಲಾರದೆ ಮನೆಗೆ ಮರಳುತ್ತಾಳೆ. ಅದೇ ಬೀದಿಯಲ್ಲಿ, ಎರಡು ಮನೆಗಳಾಚೆ, ಕಾನೂನು ಪದವೀಧರೆಯೊಬ್ಬಳು ಅಡುಗೆ ಮನೆಯಲ್ಲಿದ್ದಾಳೆ. ಅಡುಗೆ ಕೀಳಲ್ಲ. ಆದರೆ ದಿನಕ್ಕೆ ಮೂರು ಗಂಟೆಯ ಓದಿಗೆ ಅವಳಿಗೆ ಬಿಡುವು ಮಾಡಿಕೊಡುವುದು ಗಂಡ, ಅತ್ತೆ, ಮಾವಂದಿರ ಹೊಣೆ. ಮೂರು ತಿಂಗಳ ಮೂರು ಗಂಟೆಗಳು ಈ ಪರೀಕ್ಷೆಗೆ ಸಾಲುತ್ತವೆ.

ಜಮಾಅತುಗಳು ಏನು ಮಾಡಬಹುದು? ದೊಡ್ಡ ಕಟ್ಟಡ ಬೇಡ. ಮಸೀದಿಯ ಅಥವಾ ಶಾಲೆಯ ಒಂದು ಕೋಣೆ, ಒಂದು ಕಪಾಟು, ಹತ್ತೊಂಬತ್ತು ವಿಷಯಗಳ ಬೇರ್ ಆ್ಯಕ್ಟುಗಳ ಎರಡು ಸೆಟ್ಟು, ಒಂದು ಕಂಪ್ಯೂಟರ್. ಭಾನುವಾರ ಬೆಳಗ್ಗೆ ಹಿರಿಯ ವಕೀಲರೊಬ್ಬರ ಎರಡು ಗಂಟೆ. ಆ ವಕೀಲರು ನಮ್ಮ ಸಮುದಾಯದವರೇ ಆಗಬೇಕೆಂದಿಲ್ಲ. ಓದಲು ಬರುವವರೂ ನಮ್ಮವರೇ ಆಗಬೇಕೆಂದಿಲ್ಲ. ನೆರೆಯ ದಲಿತ ಯುವಕನಿಗೂ ಆ ಕಪಾಟು ತೆರೆದಿರಲಿ. ಹಿಲ್ಫುಲ್ ಫುಝೂಲ್‌ನ ಅರ್ಥ ಅದುವೇ. ಒಂದು ಮದುವೆಯ ಊಟದಲ್ಲಿ ಉಳಿದು ಎಸೆಯಲ್ಪಡುವ ಬಿರಿಯಾನಿಯ ಬೆಲೆಯಲ್ಲಿ ಈ ಕಪಾಟು ತುಂಬುತ್ತದೆ.

ಆಸ್ತಿ ಧ್ವಂಸದ ವಿರುದ್ಧ 2024ರ ನವೆಂಬರ್ 13ರಂದು ಸುಪ್ರೀಮ್ ಕೋರ್ಟ್ ನೀಡಿದ ತೀರ್ಪು 15 ದಿನಗಳ ನೋಟೀಸು ಕಡ್ಡಾಯ ಎಂದಿದೆ. ಸಾರ್ವಜನಿಕ ರಸ್ತೆಯಂತಹ ಜಾಗಗಳ ಒತ್ತುವರಿಗೆ ಆ ರಕ್ಷಣೆಯಿಲ್ಲ. ನೋಟೀಸು ಬಂದ ದಿನ ಬಡವನು ಅದನ್ನು ಹಿಡಿದು ಯಾರ ಮನೆಗೆ ಹೋಗಬೇಕು? ತೀರ್ಪು ದೆಹಲಿಯಲ್ಲಿದೆ. ಅದನ್ನು ನಮ್ಮ ಬೀದಿಗೆ ತರುವವರು ಈ ಯುವಕ ಯುವತಿಯರು.

ಮಿತ್ರರೇ, ನೀವು ಬರೆಯಲಿರುವ ಪರೀಕ್ಷೆ ಕೆಲವೇ ಗಂಟೆಗಳದ್ದು. ಆದರೆ ಅದರಾಚೆಯಲ್ಲಿ ಒಬ್ಬ ತಾಯಿ ಕಾಯುತ್ತಿದ್ದಾಳೆ, ದಿನಗಳನ್ನು ಎಣಿಸುತ್ತಿದ್ದಾಳೆ. ಅವಳಿಗೆ ಎಣಿಕೆ ಮಾತ್ರ ಗೊತ್ತು. 91ನೇ ದಿನ ಏನು ಮಾಡಬೇಕೆಂಬುದು ನಿಮಗೆ ಗೊತ್ತಿರಲಿ.

ಜ್ಞಾನವನ್ನು ನ್ಯಾಯದ ಸೇವೆಗೆ ಬಳಸುವ ಸೌಭಾಗ್ಯವನ್ನು ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ. ಆಮೀನ್.